ಬರ್ನರಿಗೊಂದು ಉತ್ಸವಮೂರ್ತಿ

ಕೋಳಿ ಶೆಡ್ಡುಗಳಿಗೆ ಗ್ಯಾಸ್ ಹೀಟರ್ ಹಾಕುವ ಕೆಲಸಕ್ಕೆ ಹೊಸದಾಗಿ ಸೇರಿರುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಬಸ್ಸಿನಲ್ಲಿ ನಿಮ್ಮ ಪಕ್ಕದ ಸೀಟು ಯಾವಾಗಲೂ ಖಾಲಿ ಇರುತ್ತದೆ. ಮದುವೆ ಊಟದಲ್ಲಿ ನಿಮ್ಮ ಎಡಬಲದ ಎಲೆಗಳು ಎಲ್ಲಕ್ಕಿಂತ ಕೊನೆಗೆ ಭರ್ತಿಯಾಗುತ್ತವೆ. ಕೋಳಿ ಗೊಬ್ಬರದ ವಾಸನೆ ಯಾವ ಸೋಪಿಗೂ ಬಗ್ಗುವುದಿಲ್ಲ. ನನ್ನ ಮೊಪೆಡ್ಡು ಬೀದಿಯ ತಿರುವು ದಾಟುವ ಮೊದಲೇ ನನ್ನ ಹೆಂಡತಿ ಸರೋಜಾ ಮೂಗಿಗೆ ಸೆರಗು ಹಿಡಿದು ಬಾಗಿಲಲ್ಲಿ ನಿಂತು, "ಸೀದಾ ಬಚ್ಚಲಿಗೆ ಹೋಗಿ, ಏನನ್ನೂ ಮುಟ್ಬೇಡಿ" ಎನ್ನುತ್ತಿದ್ದಳು. ನಮ್ಮ ಬಚ್ಚಲಿಗೆ ಗ್ಯಾಸ್ ಗೀಸರ್ ಬಂದದ್ದೂ ಈ ವಾಸನೆಯ ದಯದಿಂದಲೇ. ಅದನ್ನು ನಾನೇ ಕೈಯಾರೆ ಕೂರಿಸಿದೆ. ಬಚ್ಚಲಿನ ವಿಷಯಕ್ಕೆ ಆಮೇಲೆ ಬರುತ್ತೇನೆ. ಬರದೆ ಜಾರಿಕೊಳ್ಳುವ ಆಸೆ ಇತ್ತು, ಆದರೆ ಸರೋಜಾ ಇದನ್ನು ಓದುತ್ತಾಳೆ.

ನನ್ನ ಹೆಸರು ನಾರಾಯಣಪ್ಪ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆ ಕೋಳಿ ಸಾಕುವವರಿಗೆಲ್ಲ ಗ್ಯಾಸ್ ನಾರಾಯಣಪ್ಪ. ಈ ಹೆಸರು ಕೇಳಿದ ಹೊಸಬರು ಒಮ್ಮೆ ನನ್ನ ಹೊಟ್ಟೆಯ ಕಡೆ ನೋಡಿ ಆಮೇಲೆ ಮುಖ ನೋಡುತ್ತಾರೆ. ಅಭ್ಯಾಸವಾಗಿದೆ.

ಕೆಲಸ ಇಷ್ಟೇ. ಮೊಟ್ಟೆಯಿಂದ ಆಗಷ್ಟೇ ಹೊರಬಂದ ಮರಿಗಳಿಗೆ ತಾಯಿ ಇರುವುದಿಲ್ಲ. ತಾಯಿಯ ರೆಕ್ಕೆಯ ಬದಲು ಒಂದು ತಗಡಿನ ಕೊಡೆ, ಅದರ ಒಳಗೆ ಗ್ಯಾಸಿನ ಬರ್ನರ್. ಅದನ್ನು ಬ್ರೂಡರ್ ಎನ್ನುತ್ತಾರೆ. ಭತ್ತದ ಹೊಟ್ಟು ಹರಡಿದ ನೆಲದ ಮೇಲೆ ಅದನ್ನು ಕಬ್ಬಿಣದ ಸರಪಳಿಯಲ್ಲಿ ತೂಗುಹಾಕಬೇಕು. ದನ ಕಟ್ಟುವ ನೈಲಾನ್ ಹಗ್ಗದಲ್ಲಲ್ಲ. ಹಗ್ಗ ಕರಗಿದರೆ ಬೆಂಕಿ ನೇರ ಹೊಟ್ಟಿನ ಮೇಲೆ ಬೀಳುತ್ತದೆ. ಸಿಲಿಂಡರು ಶೆಡ್ಡಿನ ಹೊರಗೆ ನೆರಳಲ್ಲಿ ನೆಟ್ಟಗೆ ನಿಂತಿರಬೇಕು. ಸುತ್ತ ಪರದೆ ಇಳಿಬಿಟ್ಟರೂ ಮೇಲ್ಗಡೆ ಗಾಳಿಯಾಡಲು ಒಂದು ಗೇಣು ಸಂದು ಬಿಡಬೇಕು. ಬೆಂಕಿ ನೀಲಿಯಾಗಿ ಉರಿಯಬೇಕು. ಇದನ್ನೆಲ್ಲ ಕಲಿಯಲು ಒಂದು ಬೆಳಗ್ಗೆ ಸಾಕು. ಜನರಿಂದ ಮಾಡಿಸಲು ನನ್ನ ಆಯಸ್ಸೇ ಹಿಡಿಯಿತು.

ನನಗೆ ಕೆಲಸ ಕಲಿಸಿದವರು ಅಮೀರ್ ಭಾಯ್. ಕೋಲಾರದಲ್ಲಿ ಸ್ಟೌ ರಿಪೇರಿ ಅಂಗಡಿ ಇಟ್ಟುಕೊಂಡಿದ್ದವರು, ಬ್ರೂಡರ್ ಕಂಪನಿಯೊಂದರ ಏಜೆನ್ಸಿ ಹಿಡಿದು ನನ್ನ ಯಜಮಾನರಾದರು. ಮೊದಲ ದಿನವೇ ನನ್ನ ಮೂಗನ್ನು ಎರಡು ಬೆರಳಲ್ಲಿ ಹಿಡಿದು ಹೇಳಿದರು:

"ನಾಳೆಯಿಂದ ಇದನ್ನ ಮನೇಲಿಟ್ಟು ಬಾ. ಶೆಡ್ಡಲ್ಲಿ ಗೊಬ್ಬರದ ಘಾಟು ಮೂಗನ್ನ ಸುಟ್ಟಾಕ್ತದೆ, ಸಮ್ಜಾ? ಗ್ಯಾಸ್ ಲೀಕಾದ್ರೂ ನಿಂಗೆ ವಾಸ್ನೆ ಸಿಗಲ್ಲ. ಮೂಗನ್ನ ನಂಬ್ಬೇಡ, ಸೋಪನ್ನ ನಂಬು."

ಪೈಪಿನ ಪ್ರತಿ ಜೋಡಣೆಗೂ ಸೋಪಿನ ನೊರೆ ಬಳಿಯಬೇಕು. ಗುಳ್ಳೆ ಉಬ್ಬಿದರೆ ಅಲ್ಲಿ ಸೋರುತ್ತಿದೆ ಎಂದು ಅರ್ಥ. ಕಡ್ಡಿ ಗೀರಿ ಪರೀಕ್ಷೆ ಮಾಡುವ ಶೂರರ ಕತೆಯನ್ನು ಬೇರೆಯವರು ಹೇಳುತ್ತಾರೆ, ಏಕೆಂದರೆ ಅವರು ಹೇಳುವ ಸ್ಥಿತಿಯಲ್ಲಿರುವುದಿಲ್ಲ. ಭಾಯ್ ನನಗೆ ನೊರೆ ಬಳಿಯಲು ತಮ್ಮ ಹಳೆಯ ಗಡ್ಡದ ಬ್ರಷ್ಷನ್ನೇ ಕೊಟ್ಟಿದ್ದರು. ಮುಳಬಾಗಿಲಿನ ಕಡೆ ಒಬ್ಬರು ನಾನು ಕೆಲಸ ಮಾಡುವುದನ್ನು ಬಹಳ ಹೊತ್ತು ನೋಡಿ, "ಏನಣ್ಣಾ, ಪೈಪಿಗೆ ಕ್ಷೌರ ಮಾಡ್ತಾ ಇದೀಯಾ? ಹಂಗೇ ನಮ್ಮಪ್ಪಂಗೂ ಒಂದು ಕೈ ನೋಡು" ಎಂದರು.

ಜನರ ಬುದ್ಧಿವಂತಿಕೆಗೆ ಮಿತಿ ಇಲ್ಲ. ಬೆಂಕಿ ಆರಿಹೋದರೆ ಗ್ಯಾಸನ್ನು ತಾನೇ ನಿಲ್ಲಿಸುವ ಒಂದು ಗುಂಡಿ ಬ್ರೂಡರಿನಲ್ಲಿರುತ್ತದೆ. ಹೊತ್ತಿಸುವಾಗ ಅದನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದಿರಬೇಕು. ಹಾಗೆ ಹಿಡಿಯಲು ಬೇಜಾರಾಗಿ ಮಾಲೂರಿನ ಕಡೆಯ ಒಬ್ಬ ಸಾಹುಕಾರರು ಮಗಳ ಹೇರ್‌ಬ್ಯಾಂಡನ್ನು ಸುತ್ತಿ ಗುಂಡಿಯನ್ನು ಕಾಯಂ ಆಗಿ ಒತ್ತಿಟ್ಟಿದ್ದರು. ಇನ್ನು ಬೆಂಕಿ ಆರಿದರೂ ಗ್ಯಾಸು ಹರಿಯುತ್ತಲೇ ಇರುತ್ತದೆ. "ಎಂಥಾ ಐಡಿಯಾ ನೋಡಿ!" ಎಂದು ನನಗೇ ತೋರಿಸಿದರು. ನಾನು ಅದನ್ನು ಬಿಚ್ಚಿ, ಮತ್ತೆ ಅವರ ಕೈಗೆ ಸಿಗದಿರಲೆಂದು ಜೇಬಿಗೆ ಹಾಕಿಕೊಂಡು ಬಂದೆ. ಸಂಜೆ ಬಟ್ಟೆ ನೆನೆಹಾಕುವಾಗ ಆ ಗುಲಾಬಿ ಬಣ್ಣದ ಹೇರ್‌ಬ್ಯಾಂಡು ಸರೋಜಾಳಿಗೆ ಸಿಕ್ಕಿತು. ಸುರಕ್ಷತೆಯ ಕೆಲಸದಲ್ಲಿ ಇಂಥ ಅಪಾಯಗಳೂ ಇವೆ.

ಗೌನಿಪಲ್ಲಿಯಲ್ಲಿ ಇನ್ನೊಬ್ಬರು, ಚಳಿಗೆ ಗ್ಯಾಸು ಮಂದವಾಗಿ ಬರುತ್ತಿದೆ ಎಂದು ಸಿಲಿಂಡರನ್ನು ಅಡ್ಡ ಮಲಗಿಸಿ ಮೇಲೊಂದು ಕಂಬಳಿ ಹೊದಿಸಿದ್ದರು.

"ಇದ್ಯಾಕಣ್ಣಾ?" ಎಂದೆ.

"ಅದಕ್ಕೂ ಚಳಿ ಆಗಲ್ವಾ ಅಣ್ಣಾ?"

ಮಲಗಿಸಿದರೆ ಗ್ಯಾಸಿನ ಬದಲು ಒಳಗಿನ ದ್ರವವೇ ಪೈಪಿಗೆ ನುಗ್ಗಿ ಬೆಂಕಿ ಭುಗಿಲೇಳುತ್ತದೆ ಎಂದು ವಿವರಿಸಿ ಎತ್ತಿ ನಿಲ್ಲಿಸಿದೆ. ಅವರು ಒಪ್ಪಿಕೊಂಡರು. ಕಂಬಳಿ ತೆಗೆಯುವಾಗ ಮಾತ್ರ ಮುಖ ಸಣ್ಣದು ಮಾಡಿಕೊಂಡರು.

ಇವರೆಲ್ಲ ಹೇಳಿದರೆ ಕೇಳುತ್ತಿದ್ದರು. ನನ್ನನ್ನು ಬುಗುರಿಯ ಹಾಗೆ ಆಡಿಸಿದ್ದು ಯಲ್ದೂರಿನ ಮುನಿಯಮ್ಮಜ್ಜಿ.

ಯಲ್ದೂರಿನ ಹೊರಗೆ, ಮಾವಿನ ತೋಪಿನ ಪಕ್ಕದಲ್ಲಿ ರತ್ನಮ್ಮನ ಕೋಳಿ ಶೆಡ್ಡು. ಅವಳ ಗಂಡ ಟೊಮೆಟೊ ಟೆಂಪೋ ಓಡಿಸುವವನು, ಸದಾ ಕೋಲಾರದ ಮಂಡಿಯಲ್ಲಿ. ಕೋಳಿಯ ಜವಾಬ್ದಾರಿಯೆಲ್ಲ ರತ್ನಮ್ಮನದೇ. ಮುನಿಯಮ್ಮಜ್ಜಿ ಅವಳ ಅತ್ತೆ. ನಾನು ಬ್ರೂಡರ್ ಕೂರಿಸುವಾಗ ಅಜ್ಜಿ ಬೋರಲು ಹಾಕಿದ ಮಂಕರಿ ಬುಟ್ಟಿಯ ಮೇಲೆ ಕೂತು, ಎಲೆ ಅಡಿಕೆ ಜಗಿಯುತ್ತ, ಸಿನಿಮಾ ನೋಡುವಂತೆ ನೋಡುತ್ತಿದ್ದಳು. ಪರದೆ ಕಟ್ಟಿ ಮುಗಿಸಿದಾಗ ನನ್ನನ್ನು ತೆಲುಗಿನಲ್ಲಿ 'ಏನೋ ಹುಡುಗಾ' ಎಂದು ಕರೆದು, ಊರುಗೋಲಿನಿಂದ ಮೇಲಿನ ಸಂದನ್ನು ತೋರಿಸಿದಳು.

"ಏಮ್ರಾ ಅಬ್ಬಾಯಿ, ಅಷ್ಟು ಸಂದು ಯಾಕೆ ಬಿಟ್ಟೆ? ಬಟ್ಟೆ ಸಾಲ್ಲಿಲ್ವಾ?"

"ಗಾಳಿ ಆಡ್ಬೇಕಲ್ಲಜ್ಜಿ."

"ಬಿಸಿ ಮಾಡೋಕೆ ಒಂದು ಯಂತ್ರ, ಬಿಸಿ ಹೊರಗೆ ಹೋಗೋಕೆ ಒಂದು ತೂತು! ನಿಮ್ ಕಂಪನೀಲಿ ಎಲ್ರೂ ಹಿಂಗೇನಾ, ಇಲ್ಲಾ ನೀನೊಬ್ನೇನಾ?"

ರತ್ನಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ನಾನೂ ನಕ್ಕು ಬಂದೆ.

ಮಾರ್ಗಶಿರದ ಚಳಿಯಲ್ಲಿ ಸರ್ವೀಸಿಗೆಂದು ಮತ್ತೆ ಹೋದೆ. ಶೆಡ್ಡಿಗೆ ಕಾಲಿಟ್ಟಾಗ ನಾನು ಮೊದಲು ನೋಡುವುದು ಯಂತ್ರವನ್ನಲ್ಲ, ಮರಿಗಳನ್ನು. ಕೊಡೆಯ ಕೆಳಗೆ ಒಂದರ ಮೇಲೊಂದು ಬಿದ್ದಿದ್ದರೆ ಚಳಿ. ದೂರ ಓಡಿ ರೆಕ್ಕೆ ಬಿಚ್ಚಿ ಬಾಯಿ ಕಳೆದಿದ್ದರೆ ಸೆಕೆ. ಎಲ್ಲ ಕಡೆ ಹರಡಿಕೊಂಡು ಗಲಾಟೆ ಮಾಡುತ್ತಿದ್ದರೆ ನೀವು ಕಾಫಿ ಕುಡಿದು ವಾಪಸ್ ಹೋಗಬಹುದು. ಅವತ್ತು ಗಲಾಟೆ ಇರಲಿಲ್ಲ. ಮರಿಗಳು ಎಲ್ಲಿದ್ದವೋ ಅಲ್ಲೇ ತೂಕಡಿಸುತ್ತಿದ್ದವು. ತಲೆಯೆತ್ತಿ ನೋಡಿದೆ. ಗಾಳಿ ಸಂದಿನ ಉದ್ದಕ್ಕೂ ಹಳೆಯ ಸೀರೆ ತುರುಕಿತ್ತು. ಬೆಂಕಿ ಹಳದಿಯಾಗಿ, ನಾಲಿಗೆ ಚಾಚಿ ಉರಿಯುತ್ತಿತ್ತು. ಬರ್ನರಿನ ಮೈತುಂಬ ಅರಿಶಿನ ಕುಂಕುಮ.

"ಚೆನ್ನಾಗಿದೆ ಅಲ್ವಾ?" ಎಂದಳು ಅಜ್ಜಿ, ಹಿಂದಿನಿಂದ. "ನೀನು ಹಚ್ಚಿ ಹೋದಾಗ ದೆವ್ವದ ಥರ ನೀಲಿ ಇತ್ತು. ಶುಕ್ರವಾರ ಶುಕ್ರವಾರ ಪೂಜೆ ಮಾಡಿ ನಾನೇ ಸರಿ ಮಾಡ್ದೆ. ಈಗ ನೋಡು, ಎಷ್ಟು ಲಕ್ಷಣವಾಗಿ ಉರೀತಾಳೆ!"

ಬರ್ನರ್ ಗಾಳಿ ಎಳೆದುಕೊಳ್ಳುವ ತೂತುಗಳಲ್ಲೆಲ್ಲ ಕುಂಕುಮ ಕೂತಿತ್ತು. ಗಾಳಿ ಸಾಲದೆ ಬೆಂಕಿ ಹಳದಿಯಾಗಿತ್ತು. ಅದು ಅರೆಬರೆ ಉರಿಯುವ ಬೆಂಕಿ; ಅದರಿಂದ ಬರುವುದು ವಿಷದ ಗಾಳಿ. ಸರಿ, ಆರಿಸಿ ತೊಳೆಯೋಣವೆಂದು ಬ್ರಷ್ಷು ಹುಡುಕುತ್ತ ತಿರುಗಿದವನಿಗೆ ಮೇವಿನ ಮೂಟೆಗಳ ಹಿಂದೆ ಒಂದು ಚಾಪೆ, ಒಂದು ದಿಂಬು, ಎಲೆ ಅಡಿಕೆಯ ಸಂಚಿ ಕಂಡವು.

ರತ್ನಮ್ಮನೂ ಅದನ್ನು ಆಗಲೇ ಕಂಡದ್ದು. "ಅತ್ತೇ! ನಡುಮನೇಲಿ ಮಲಗ್ತೀನಿ ಅಂತ ಹೇಳಿ ಇಲ್ಲಿ ಬಂದು ಮಲಗ್ತಾ ಇದೀರಾ?"

"ನಿಮ್ಮ ನಡುಮನೆ ಐಸ್ ಡಬ್ಬ. ಇಲ್ಲಿ ಮಲಗಿದ್ರೆ ನನ್ನ ಮಂಡಿ ಮಾತು ಕೇಳ್ತದೆ."

"ಅದಕ್ಕೇನಾ ನಾರಾಯಣಣ್ಣಾ, ಬೆಳಗ್ಗೆ ಎದ್ರೆ ತಲೆ ಭಾರ, ತಲೆ ಸುತ್ತು ಅಂತಾರೆ! ಯಾರೋ ಕಣ್ಣು ಹಾಕಿದಾರೆ ಅಂತ ನಾನು ಉಪ್ಪು ಮೆಣಸಿನಕಾಯಿ ನಿವಾಳಿಸ್ತಾ ಇದೀನಿ."

ನನ್ನ ನಗು ಅಲ್ಲಿಗೆ ನಿಂತಿತು. ಮೊದಲು ತಲೆ ಭಾರ, ಆಮೇಲೆ ವಾಂತಿ, ಆಮೇಲೆ ನಿದ್ದೆ. ಆ ನಿದ್ದೆಯಿಂದ ಜನ ಏಳುವುದಿಲ್ಲ. ಈ ಅಜ್ಜಿ ಹೀಗೇ ಮಲಗುತ್ತ ಹೋದರೆ ಯಾವುದೋ ಒಂದು ಬೆಳಗ್ಗೆ ಏಳುವುದಿಲ್ಲ ಎಂದು ನನಗೆ ಖಂಡಿತವಾಗಿ ಅನಿಸಿತು. ಅವಳನ್ನು ಕೂರಿಸಿಕೊಂಡು ಹೇಳಿದೆ: ಆ ವಿಷಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಬಂದದ್ದೇ ಗೊತ್ತಾಗುವುದಿಲ್ಲ.

ಅಜ್ಜಿ ಗಮನವಿಟ್ಟು ಕೇಳಿದಳು. "ಬಣ್ಣ ಇಲ್ಲ, ವಾಸ್ನೆ ಇಲ್ಲ, ಬಂದಿದ್ದು ಗೊತ್ತಾಗಲ್ಲ. ಹಂಗಾದ್ರೆ ನೀನ್ಯಾವಾಗ ನೋಡ್ದೆ?"

ನಾನು ಸೀರೆ ಕಿತ್ತು, ಬರ್ನರ್ ತೊಳೆದು ಬಂದೆ. ಮುಂದಿನ ಸಲ ಹೋದಾಗ ಸೀರೆಯೂ ಇತ್ತು, ಕುಂಕುಮವೂ ಇತ್ತು. ಚಾಪೆ ಮಾತ್ರ ಇನ್ನೂ ಗುಪ್ತವಾದ ಜಾಗಕ್ಕೆ ಹೋಗಿತ್ತು.

ನನ್ನ ಮಾತು ನಡೆಯದಿದ್ದರೆ ಯಂತ್ರದ ಮಾತು ನಡೆದೀತು ಎಂದುಕೊಂಡು ಬೆಂಗಳೂರಿನಿಂದ ನಮ್ಮ ಕಂಪನಿಯ ಸೂಪರ್‌ವೈಸರ್ ಪ್ರಶಾಂತ್ ಅವರನ್ನು ಕರೆಸಿದೆ. ಒಳ್ಳೆಯ ಮನುಷ್ಯ, ತಿಳಿದವರು. ಗ್ಯಾಸಾಗಲಿ, ಆ ವಿಷವಾಗಲಿ ಕಂಡರೆ ಕಿರುಚುವ ಸಣ್ಣ ಯಂತ್ರ ಅವರ ಹತ್ತಿರವಿತ್ತು. ಆದರೆ ಕೋಳಿ ವಾಸನೆ ಅವರಿಗೆ ಆಗುತ್ತಿರಲಿಲ್ಲ. ಶೆಡ್ಡಿನ ಬಾಗಿಲಲ್ಲೇ ನಿಂತು ಚೀಲದಿಂದ ಸೆಂಟಿನ ಡಬ್ಬಿ ತೆಗೆದು ಕಂಕುಳು, ಕುತ್ತಿಗೆ, ಕರ್ಚೀಫಿಗೆಲ್ಲ ಸುಯ್ ಎಂದು ಹೊಡೆದುಕೊಂಡರು. ಯಂತ್ರ ಚಾಲೂ ಮಾಡಿದರು. ಅದು ಕಿರುಚತೊಡಗಿತು.

"ಎಲ್ರೂ ಹೊರಗೆ!" ಎಂದರು ಪ್ರಶಾಂತ್. ಎಲ್ಲರೂ ಮಾವಿನ ತೋಪಿನ ಕಡೆ ಓಡಿದೆವು. ಯಂತ್ರ ಅವರ ಕೈಯಲ್ಲೇ ಇದ್ದುದರಿಂದ ಅದೂ ಕಿರುಚುತ್ತಲೇ ನಮ್ಮ ಜೊತೆ ಓಡಿಬಂತು. ತೋಪಿನ ನಡುವೆ, ಬಯಲು ಗಾಳಿಯಲ್ಲಿ ನಿಂತ ಮೇಲೂ ಕಿರುಚಿತು. ಆಗ ಪ್ರಶಾಂತರೇ ಕರ್ಚೀಫು ಮೂಸಿ ನೋಡಿ, ಹಣೆ ಚಚ್ಚಿಕೊಂಡು ನಕ್ಕರು. ಸೆಂಟನ್ನು ಡಬ್ಬಿಯಿಂದ ಹೊರಗೆ ಚಿಮ್ಮಿಸುವುದೂ ನಮ್ಮ ಅಡುಗೆ ಗ್ಯಾಸಿನ ಜಾತಿಯದೇ ಗ್ಯಾಸಂತೆ; ಯಂತ್ರ ಹಿಡಿದದ್ದು ಅವರನ್ನೇ.

ಮುನಿಯಮ್ಮಜ್ಜಿ ಮಾತ್ರ ಓಡಿರಲಿಲ್ಲ. ಮಂಕರಿಯ ಮೇಲೇ ಕೂತಿದ್ದಳು. "ನೋಡಪ್ಪಾ, ನಾನು ದಿನಾ ಮಲಗೋ ಜಾಗ. ಒಂದು ದಿನಾನೂ ಏನೂ ಕಿರುಚಿಲ್ಲ. ನಿಮ್ಮ ಸಾರು ಬಂದ ತಕ್ಷಣ ಕಿರುಚ್ತು. ಹೇಳು, ವಿಷ ಯಾರ ಹತ್ರ ಇದೆ?"

ಅವತ್ತು ಸಂಜೆ ಅಮೀರ್ ಭಾಯ್ ಅಂಗಡಿಯಲ್ಲಿ ಕೂತು ಎಲ್ಲ ಹೇಳಿಕೊಂಡೆ. ಭಾಯ್ ಚಹಾವನ್ನು ಸಾಸರಿಗೆ ಬಗ್ಗಿಸಿಕೊಂಡು ಹೊಟ್ಟೆ ತುಂಬ ನಕ್ಕರು. ಆಮೇಲೆ ಕೇಳಿದರು:

"ಲೇ ನಾರಾಯಣ, ನಿಮ್ಮ ದೇವಸ್ಥಾನದಲ್ಲಿ ದೇವರು ಎರಡಿರ್ತವಲ್ಲ? ಒಳಗೆ ಅಲ್ಲಾಡದೇ ಇರೋದು ಒಂದು, ಮೆರವಣಿಗೆಗೆ ಹೊರಗೆ ಬರೋದು ಒಂದು?"

"ಹೌದು ಭಾಯ್. ಮೂಲವಿಗ್ರಹ, ಉತ್ಸವಮೂರ್ತಿ."

"ಹಂಗಾದ್ರೆ ಮುದುಕಿ ಜೊತೆ ಜಗಳ ಯಾಕೋ? ಆಕೆಗೆ ಉತ್ಸವಮೂರ್ತಿ ಕೊಡು!" ಎಂದು ಮೂಲೆಯ ಗುಜರಿ ರಾಶಿಯಿಂದ ಒಂದು ಸತ್ತ ಬರ್ನರ್ ಎತ್ತಿ ನನ್ನ ತೊಡೆಯ ಮೇಲಿಟ್ಟರು.

ಮರುದಿನ ಅದನ್ನು ಚೆನ್ನಾಗಿ ಉಜ್ಜಿ ಹೊಳಪು ಬರಿಸಿ, ರತ್ನಮ್ಮನ ಶೆಡ್ಡಿನ ಹೊರಗಿನ ಕಂಬಕ್ಕೆ ಮೊಳೆ ಹೊಡೆದು ಕೂರಿಸಿದೆ. ಗಂಭೀರ ಮುಖ ಮಾಡಿಕೊಂಡು ಅಜ್ಜಿಗೆ ಹೇಳಿದೆ: "ಒಳಗಿರೋದು ಮೂಲವಿಗ್ರಹ ಅಜ್ಜಿ. ಅದಕ್ಕೆ ಮಡಿ ಜಾಸ್ತಿ, ಯಾರೂ ಮುಟ್ಟೋ ಹಂಗಿಲ್ಲ. ಪೂಜೆ ಎಲ್ಲಾ ಈ ಉತ್ಸವಮೂರ್ತಿಗೆ."

ಅಜ್ಜಿ ಅದನ್ನೂ ನೋಡಿದಳು, ನನ್ನನ್ನೂ ನೋಡಿದಳು. "ಇದನ್ನ ಮೊದ್ಲೇ ಹೇಳೋಕೇನಾಗಿತ್ತು ರೋಗ?" ಎಂದು ಸೊಂಟದಿಂದ ಕುಂಕುಮದ ಭರಣಿ ತೆಗೆದಳು. ನಾನು ಒಳಗಿನ ಬರ್ನರನ್ನು ತೊಳೆದೆ; ಅಂದಿನಿಂದ ಅದರ ಬೆಂಕಿ ನೀಲಿಯಾಗಿಯೇ ಉಳಿಯಿತು. ಅಕ್ಕಪಕ್ಕದ ಶೆಡ್ಡಿನವರು ಇದನ್ನು ನೋಡಿ, "ನಮಗೂ ಒಂದು ಉತ್ಸವಮೂರ್ತಿ ಹಾಕಿಕೊಡಿ ಸ್ವಾಮಿ" ಎಂದು ದುಂಬಾಲು ಬಿದ್ದರು. ಭಾಯ್ ಅಂಗಡಿಯ ಗುಜರಿಯೆಲ್ಲ ದೇವರಾಗಿ ಹೊರಟುಹೋಯಿತು. ನಿಮ್ಮ ಚೀಲದಲ್ಲೂ ಒಂದು ಹಳೆಯ ಬರ್ನರ್ ಇಟ್ಟುಕೊಂಡಿರಿ. ಯಾವ ಕಂಪನಿಯ ತರಬೇತಿಯಲ್ಲೂ ಇದನ್ನು ಹೇಳಿಕೊಡುವುದಿಲ್ಲ.

ಒಳಗೆ ಮಲಗುವುದಿಲ್ಲ ಎಂದು ಅಜ್ಜಿ ಉತ್ಸವಮೂರ್ತಿ ಮುಟ್ಟಿ ಆಣೆಯನ್ನೂ ಮಾಡಿದ್ದಳು. ನಾನು ಗೆದ್ದೆನೆಂದು ಬೀಗುತ್ತಿದ್ದೆ.

ಒಂದು ಬೆಳಗ್ಗೆ ಕ್ಯಾಲನೂರಿನ ಒಂದು ಶೆಡ್ಡಿನಲ್ಲಿ ಪೈಪಿಗೆ ನೊರೆ ಬಳಿಯುತ್ತ ಕೂತಿದ್ದೆ. ರತ್ನಮ್ಮನ ಫೋನು ಬಂತು. ಅವಳು ಅಳುತ್ತಿದ್ದಳು.

"ನಾರಾಯಣಣ್ಣಾ, ಅತ್ತೆ ಒಳಗೆ ಬಿದ್ದವ್ರೆ! ಕೂಗಿದ್ರೆ ಬರೀ ಮುಲುಕ್ತಾರೆ!"

"ಸಿಲಿಂಡರ್ ಹೊರಗಿಂದ ಮುಚ್ಚಮ್ಮಾ! ಪರದೆ ಎಲ್ಲಾ ಕಿತ್ತಾಕು, ಆಮೇಲೆ ಎಳ್ಕೊಂಡು ಬಯಲಿಗೆ ಬಾ! ಒಳಗೆ ನಿಂತ್ಕೊಂಡು ಅಳ್ಬೇಡ, ನೀನೂ ಬೀಳ್ತೀಯಾ! ಆಸ್ಪತ್ರೆಗೆ ಗಾಡಿ ಕರೆಸು!"

ಅಲ್ಲಿಂದ ಯಲ್ದೂರಿನವರೆಗೆ ಮೊಪೆಡ್ಡು ಹೇಗೆ ಓಡಿಸಿದೆನೋ ತಿಳಿಯದು. ದಾರಿಯುದ್ದಕ್ಕೂ ಆ ಅಜ್ಜಿಯನ್ನು ಬೈಯುತ್ತಿದ್ದೆ. ಬೈಯುವುದು ನಿಲ್ಲಿಸಿದರೆ ಅಳು ಬರುತ್ತಿತ್ತು.

ನಾನು ತಲುಪುವಷ್ಟರಲ್ಲಿ ಶ್ರೀನಿವಾಸಪುರದ ಆಸ್ಪತ್ರೆಗೆ ಕರೆದೊಯ್ದಿದ್ದರು. ಶೆಡ್ಡಿನೊಳಗೆ ಹೋಗಿ ನೋಡಿದೆ. ಕಿತ್ತೆಸೆದ ಪರದೆಗಳ ನಡುವೆ, ಸಂದಿಗೆ ತುರುಕಿದ್ದ ಅದೇ ಸೀರೆ. ಮೂಟೆಗಳ ಹಿಂದೆ ಅದೇ ಚಾಪೆ. ದಿಂಬಿನ ಪಕ್ಕದಲ್ಲಿ ಕೆಲವು ಮರಿಗಳು ಸತ್ತು ಬಿದ್ದಿದ್ದವು. ಆದರೆ ಬರ್ನರ್ ಶುಭ್ರವಾಗಿತ್ತು, ಕುಂಕುಮದ ಒಂದು ಕಣವೂ ಇರಲಿಲ್ಲ. ಅಲ್ಲಿಂದ ಆಸ್ಪತ್ರೆಗೆ ಓಡಿದೆ. ಅಜ್ಜಿಗೆ ಆಕ್ಸಿಜನ್ ಹಾಕಿದ್ದರು. ಇನ್ನೂ ಸ್ವಲ್ಪ ವಿಷ ಹೆಚ್ಚಾಗಿದ್ದರೆ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು. ಸಂದು ಮುಚ್ಚಿದ್ದಕ್ಕೇ ಇಷ್ಟು; ಅದರ ಮೇಲೆ ಬೆಂಕಿಯೂ ಹಳದಿಯಾಗಿದ್ದರೆ ವಿಷ ಅಷ್ಟು ಹೆಚ್ಚಾಗಿಯೇ ಇರುತ್ತಿತ್ತು. ಗುಜರಿಯ ಬರ್ನರ್ ಅವಳ ಜೀವ ಉಳಿಸಿತ್ತು. ಆ ಹೊತ್ತಿಗೆ ನಾನೂ ಮನಸ್ಸಿನಲ್ಲೇ ಅದಕ್ಕೆ ಕೈ ಮುಗಿದೆ.

ಬೈಯಬೇಕೆಂದು ಸಿದ್ಧನಾಗಿ ಹಾಸಿಗೆಯ ಪಕ್ಕ ನಿಂತೆ. ಅಜ್ಜಿ ಮುಖದ ಮೇಲಿನ ಮಾಸ್ಕನ್ನು ಸರಿಸಿ, ನನ್ನ ಕೈ ಹಿಡಿದುಕೊಂಡಳು.

"ಬಾಗಿಲು ಕಾಣ್ತಾ ಇತ್ತು ಕಣೋ. ಹೊರಗಿನ ಬೆಳಕೂ ಕಾಣ್ತಾ ಇತ್ತು. ಎದ್ದು ಹೋಗೋಣ ಅಂದ್ರೆ ಕಾಲು ನಂದಲ್ಲ. ಕೂಗೋಣ ಅಂದ್ರೆ ನಾಲಿಗೆ ನಂದಲ್ಲ. ಮರಿಗಳು ಪಕ್ಕದಲ್ಲೇ ಒಂದೊಂದೇ ಸುಮ್ನಾದ್ವು."

ಬೈಯುವುದನ್ನು ಬಿಟ್ಟು ಮಾಸ್ಕನ್ನು ಮತ್ತೆ ಅವಳ ಮುಖಕ್ಕೆ ಕೂರಿಸಿದೆ.

ಮತ್ತೆ ಅವಳು ಶೆಡ್ಡಿನಲ್ಲಿ ಮಲಗಲಿಲ್ಲ. ರತ್ನಮ್ಮ ಮಂಡಿಗೆ ಬಿಸಿನೀರಿನ ಚೀಲ ತಂದುಕೊಟ್ಟಳು, ನಡುಮನೆಯಲ್ಲಿ ದಪ್ಪ ಹಾಸಿಗೆ ಹಾಕಿದಳು. ಆದರೆ ಅಜ್ಜಿ ಸುಮ್ಮನೆ ಮಲಗುವ ಜೀವವೇ? ಊರುಗೋಲು ಹಿಡಿದು ಊರಿನ ಶೆಡ್ಡುಗಳನ್ನೆಲ್ಲ ಸುತ್ತತೊಡಗಿದಳು. ಎಲ್ಲಿ ಸಂದು ಮುಚ್ಚಿದ್ದರೂ ಕೋಲು ಹಾಕಿ ಬಟ್ಟೆ ಎಳೆದು ಬೀಳಿಸುವುದು, ಮಾಲೀಕರನ್ನು ಅವರ ತಾತನ ಕಾಲದಿಂದ ಬೈಯುವುದು. ನಾನು ವರ್ಷಗಟ್ಟಲೆ ಗಂಟಲು ಹರಿದುಕೊಂಡು ಮಾಡಿಸಲಾಗದ ಕೆಲಸವನ್ನು ಆ ಕೋಲು ಒಂದೇ ಚಳಿಗಾಲದಲ್ಲಿ ಮಾಡಿತು.

ಇನ್ನು ಬಚ್ಚಲಿನ ವಿಷಯ.

ನಾನು ನಿವೃತ್ತನಾದ ಮೇಲೆ, ಕೋಲಾರದಲ್ಲಿ ನೆಂಟರ ಮದುವೆಗೆಂದು ರತ್ನಮ್ಮ ಅಜ್ಜಿಯನ್ನು ಕರೆದುಕೊಂಡು ಬಂದವಳು ನಮ್ಮ ಮನೆಗೂ ಬಂದಳು. ಚಳಿಗಾಲ. "ಅಜ್ಜಿ, ಬಿಸಿನೀರು ಬಿಡ್ತೀನಿ, ಸ್ನಾನ ಮಾಡ್ಕೊಂಡ್ ಬನ್ನಿ" ಎಂದು ಸರೋಜಾ ಗೀಸರ್ ಹಚ್ಚಿಕೊಟ್ಟು ಬಂದಳು. ಅಜ್ಜಿ ಒಳಗೆ ಹೋದಳು. ಬಾಗಿಲು ಹಾಕಿದ ಸದ್ದೇ ಬರಲಿಲ್ಲ. ಬದಲಿಗೆ ಕೋಲಿನ ಸದ್ದು ಬಂತು.

ನಾನು ಥಟ್ಟನೆ ಎದ್ದು ನಿಂತೆ.

ಅಜ್ಜಿ ಸ್ನಾನವನ್ನೂ ಮಾಡದೆ ಹೊರಗೆ ಬಂದಳು. ಅವಳ ಕೋಲಿನ ತುದಿಯಲ್ಲಿ ಒಂದು ಖಾಕಿ ಅಂಗಿ ನೇತಾಡುತ್ತಿತ್ತು. ಕೆಲಸ ಬಿಟ್ಟ ಮೇಲೆ ಬೆಳಗಿನ ಚಳಿ ತಡೆಯಲಾಗದೆ, ಗೀಸರಿನ ಮೇಲಿನ ಗಾಳಿ ಕಿಂಡಿಗೆ ನಾನೇ ತುರುಕಿದ್ದ ಅಂಗಿ. ನನ್ನ ಯೂನಿಫಾರಂ ಅಂಗಿ.

ಅಜ್ಜಿ ಅದನ್ನು ನನ್ನ ಮುಖದ ಮುಂದೆ ಹಿಡಿದಳು. ಜೇಬಿನ ಮೇಲೆ ಕೆಂಪು ದಾರದಲ್ಲಿ ಹೊಲಿದ ಅಕ್ಷರಗಳ ಮೇಲೆ ಬೆರಳಿಟ್ಟಳು.

"ಏಮ್ರಾ ಅಬ್ಬಾಯಿ, ಇಲ್ಲೇನು ಬರ್ದಿದೆ? ನಂಗೆ ಓದೋಕೆ ಬರಲ್ಲ, ನೀನೇ ಓದು."

ನಾನು ಗೋಡೆಯ ಕ್ಯಾಲೆಂಡರಿನ ಕಡೆ ನೋಡಿದೆ.

"ಓದೋ! ಗಟ್ಟಿಯಾಗಿ ಓದು. ನಿನ್ ಹೆಂಡ್ತೀಗೂ ಕೇಳ್ಲಿ."

"ಸುರಕ್ಷತೆ ಮೊದಲು" ಎಂದು ಓದಿದೆ.

ಸರೋಜಾ ಅಡುಗೆಮನೆಗೆ ಓಡಿದಳು. ಅವಳು ನಗುವುದು ಅಲ್ಲಿಂದ ಕೇಳಿಸುತ್ತಿತ್ತು. ರತ್ನಮ್ಮ ಮತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಅಜ್ಜಿ ನಗಲಿಲ್ಲ. ನನ್ನ ಹತ್ತಿರ ಬಂದು, ಆಸ್ಪತ್ರೆಯಲ್ಲಿ ಹಿಡಿದ ಹಾಗೆಯೇ ನನ್ನ ಕೈ ಹಿಡಿದುಕೊಂಡು ಮೆಲ್ಲಗೆ ಹೇಳಿದಳು: "ಬಾಗಿಲು ಕಾಣ್ತಾ ಇರ್ತದೆ ಕಣೋ. ಕಾಲು ಬರಲ್ಲ."

ಈಗ ಸ್ನಾನಕ್ಕೆ ನಿಂತರೆ ಬೆನ್ನಿಗೆ ಕಿಂಡಿಯ ಗಾಳಿ ಚುರ್ ಎಂದು ಹೊಡೆಯುತ್ತದೆ. ಮುಚ್ಚೋಣವೆಂದರೆ ಅಂಗಿ ಇಲ್ಲ. ಅಜ್ಜಿ ಅದನ್ನು ಮಡಿಚಿ ಯಲ್ದೂರಿಗೆ ತೆಗೆದುಕೊಂಡು ಹೋದಳು. ಶುಕ್ರವಾರ ಶುಕ್ರವಾರ ಅದರಲ್ಲಿ ಉತ್ಸವಮೂರ್ತಿಯನ್ನು ಒರೆಸುತ್ತಾಳಂತೆ.